ನರ ಸಿಗದ ಕೈ

ಅಂದು ಬೆಳಿಗ್ಗೆ ಕಂಪನಿಗೆ ಕೈಕೊಟ್ಟಿದ್ದು ಒಂದು ಕೈ. ನಿವೃತ್ತ ಹೆಡ್‌ಮಿಸ್ ಒಬ್ಬರ ದುಂಡನೆಯ ಎಡಗೈ. ಎಂಥ ಪಳಗಿದ ನರ್ಸಿಗೂ ಅದರಲ್ಲಿ ರಕ್ತನಾಳ ಸಿಕ್ಕಿದ್ದಿಲ್ಲ. ಆ ಕೈ ಅಂದು ಆಫೀಸಿನ ಮೇಜಿನ ಮೇಲೆ ಇರಲೇಬೇಕಿತ್ತು. ಮ್ಯಾನೇಜರ್ ಮುಖಕ್ಕೆ ಸೋಪು ಹಚ್ಚಿಕೊಂಡು ರೇಜರ್ ಹಿಡಿದಿದ್ದಾಗ ಹೆಡ್‌ಮಿಸ್ ಫೋನ್ ಮಾಡಿದರು.

"ಜ್ವರ ಕಣಪ್ಪಾ. ಬರೋಕಾಗಲ್ಲ."

"ಮೇಡಂ, ನೀವು ಬರದಿದ್ರೂ ಪರವಾಗಿಲ್ಲ, ಕೈ ಒಂದು..." ಎಂದು ಅವನು ಗಾಬರಿಯಲ್ಲಿ ಹೇಳಿಬಿಟ್ಟ. ಫೋನ್ ಕಟ್ಟಾಯಿತು.

ಮ್ಯಾನೇಜರ್ ಎಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಅದು ಬೆರಳೆಣಿಕೆಯ ಜನರ ಕಂಪನಿ. ಕುರ್ಚಿ ಸರಿಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಬಂದವರಿಗೆ ಕಾಫಿ ತರಿಸುವುದು, ಪರೀಕ್ಷೆಗೆ ಜನರನ್ನು ಹೊಂದಿಸುವುದು, ಇಷ್ಟನ್ನೂ ಮಾಡುವವನನ್ನು ಏನೆಂದು ಕರೆಯಬೇಕೋ ತೋಚದೆ ಡಾಕ್ಟರಮ್ಮ ಮ್ಯಾನೇಜರ್ ಅಂದಿದ್ದರು. ಬೀದಿಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಹೆಂಡತಿ ಮಾತ್ರ ಇನ್ನೂ "ರೀ" ಎನ್ನುತ್ತಿದ್ದಳು.

ಡಾಕ್ಟರಮ್ಮ ಆಸ್ಪತ್ರೆಯ ಕೆಲಸ ಬಿಟ್ಟು ಈ ಕಂಪನಿ ಕಟ್ಟಿದವರು. ಅವರು ಮಾಡಿದ ಉಪಕರಣ ನೋಡಲು ಟಾರ್ಚಿನಂತಿತ್ತು. ತೋಳಿನ ಮೇಲೆ ಹಿಡಿದರೆ ಚರ್ಮದಡಿ ಅಡಗಿ ಕೂತ ರಕ್ತನಾಳ ಪರದೆಯ ಮೇಲೆ ಹಸಿರು ಗೆರೆಯಾಗಿ ಮೂಡುತ್ತಿತ್ತು. ನರ್ಸ್ ಆ ಗೆರೆ ನೋಡಿಕೊಂಡು ಸೂಜಿ ಹಾಕಿದರಾಯಿತು. "ದುಡ್ಡಿರೋರೆಲ್ಲ ಈಗ ರಕ್ತನಾಳದ ಹಿಂದೆ ಬಿದ್ದಿದ್ದಾರೆ ರೀ," ಎಂದು ಅವರು ಪೇಪರ್ ಬಡಿದು ಹೇಳುತ್ತಿದ್ದರು. "ಹೃದಯದ ನಾಳ ಹಿಗ್ಗಿಸೋರಿಗೆ ಕೊಟ್ರು. ಮಿದುಳಲ್ಲಿ ಹೆಪ್ಪುಗಟ್ಟಿದ ರಕ್ತ ಎಳೆದು ತೆಗೆಯೋರಿಗೆ ಕೊಟ್ರು. ಕೈಯಲ್ಲಿ ನರ ಹುಡುಕೋ ನಾವೇನು ಪಾಪ ಮಾಡಿದ್ವಿ?" ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಒಬ್ಬ ಹಣವಂತ ಯಜಮಾನರು ಅಂದು ಬಂದು ನೋಡಲು ಒಪ್ಪಿದ್ದರು. ಅವರು ಹಣ ಹಾಕಿದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಬಾಗಿಲು. ಬಾಗಿಲು ಹಾಕಿದರೆ ಮ್ಯಾನೇಜರ್ ಬೀದಿಗೆ. ಕುರ್ಚಿ ಸರಿಮಾಡುವವನನ್ನು ಈ ವಯಸ್ಸಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ?

ಇನ್ನೊಂದು ಗುಟ್ಟನ್ನೂ ಹೇಳಿಬಿಡಬೇಕು. ಸೂಜಿಯನ್ನೇ ನಂಬಿದ ಕಂಪನಿಯಲ್ಲಿ ಅನ್ನ ಸಂಪಾದಿಸುವ ಈ ಮಹಾಶಯನಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ರಕ್ತಪರೀಕ್ಷೆಗೆ ಹೋದವನು ತೋಳಿಗೆ ಕಟ್ಟಿದ ರಬ್ಬರ್ ಪಟ್ಟಿಯ ಸಮೇತ ಓಡಿಬಂದು ಬಸ್ಸು ಹತ್ತಿದ್ದ. ಆಳು ಬಡಕಲು, ಕೈಮೇಲಿನ ನರಗಳು ಹಗ್ಗದ ಹಾಗೆ ಎದ್ದು ಕಾಣುತ್ತಿದ್ದವು. ಕೆಲಸಕ್ಕೆ ಸೇರಿದ ದಿನ ಆಫೀಸಿನ ನರ್ಸ್ ಸಿಸ್ಟರ್ ಅವುಗಳನ್ನು ನೋಡಿ, "ಅಬ್ಬಾ, ಎಂಥ ನರ ಸಾರ್! ಕಣ್ಮುಚ್ಚಿ ಚುಚ್ಚಬಹುದು," ಎಂದು ಆಸೆಪಟ್ಟಿದ್ದಳು. ಅಂದಿನಿಂದ ಅವನು ತುಂಬುತೋಳಿನ ಅಂಗಿ ಬಿಟ್ಟು ಬೇರೆ ತೊಟ್ಟವನಲ್ಲ. ಸೂಜಿಯ ಪೊಟ್ಟಣ ಬಿಚ್ಚುವ ಸದ್ದು ಕೇಳಿದರೆ ಅವನಿಗೆ ಹೊರಗೆ ಯಾವುದಾದರೂ ಕೆಲಸ ನೆನಪಾಗುತ್ತಿತ್ತು.

"ಕೈ ಬೇಕು ಅಂದ್ರೆ? ಯಾರ ಕೈ?" ಎಂದಳು ಫೋನಿನ ಮಾತು ಕೇಳಿಸಿಕೊಂಡ ಹೆಂಡತಿ.

"ಯಾರದಾದ್ರೂ ಸರಿ ಕಣೇ. ನರ ಕಾಣಬಾರದು, ಅಷ್ಟೇ."

"ಅಷ್ಟೇ ತಾನೇ? ಎದುರುಮನೆ ಟೈಲರಣ್ಣನಿಗೆ ಹೇಳ್ತೀನಿ ಇರಿ."

ಟೈಲರಣ್ಣನಿಗೆ ಹೇಳುವುದೂ ಒಂದೇ, ಊರಿಗೆ ಡಂಗುರ ಹೊಡೆಸುವುದೂ ಒಂದೇ. ಮ್ಯಾನೇಜರ್ ಅರ್ಧ ಗಡ್ಡ ಹೆರೆದು ಹೊರಗೆ ಬರುವಷ್ಟರಲ್ಲಿ ಬಾಗಿಲ ಮುಂದೆ ಅಂಗಿಯ ತೋಳು ಮಡಚಿಕೊಂಡ ಜನ ಸಾಲಾಗಿ ನಿಂತಿದ್ದರು. ಮೊದಲ ಕೈ ಟೈಲರಣ್ಣನದೇ.

"ನಿಂದು ಬೇಡಣ್ಣಾ. ಹೆದ್ದಾರಿ ಥರ ಇದೆ."

"ಇಷ್ಟು ವರ್ಷ ಕತ್ತರಿ ಆಡಿಸಿದ ಕೈ ಕಣಯ್ಯಾ ಇದು! ನಿನ್ನ ಪ್ಯಾಂಟ್ ಹೊಲಿಯೋಕೆ ಬೇಕು, ಕಂಪನಿಗೆ ಬೇಡ್ವಾ?" ಎಂದು ಅವನು ಮುಖ ಊದಿಸಿಕೊಂಡ.

ಮೂಲೆಮನೆಯ ಅಜ್ಜಿ ತನ್ನ ಸೊಸೆಯನ್ನು ಮುಂದೆ ತಳ್ಳಿದಳು. "ಇವಳ ಕೈ ನೋಡಪ್ಪಾ. ನರ ಹಾಳಾಗ್ಲಿ, ಕೆಲಸ ಮಾಡಿದ ಗುರುತು ಕೂಡ ಕಾಣಲ್ಲ." ಸೊಸೆ ಸರ್ರನೆ ತಿರುಗಿ ಮನೆಗೆ ನಡೆದಳು. ಅಜ್ಜಿ ಅವಳ ಹಿಂದೆ ಓಡಿದಳು. ಅಲ್ಲಿಂದಾಚೆ ಆ ಮನೆಯಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಮಹಡಿಯಿಂದ ಮನೆ ಓನರ್ ಇಳಿದುಬಂದರು. ಭಾರಿ ಆಳು. ನಡೆಯುವುದೂ ಮಾತಾಡುವುದೂ ನಿಧಾನ.

"ಯಾರಯ್ಯಾ ನರ ಸಿಗದ ಕೈ ಕೇಳಿದ್ದು? ನಾನಿರೋವಾಗ ಬೀದಿ ಸುತ್ತೋದಾ?" ಎಂದು ಅವರು ಅಂಗಿಯ ತೋಳು ಮೇಲೇರಿಸಿದರು. "ಈ ಕೈಯಲ್ಲಿ ನರ ಹುಡುಕೋಕೆ ಹೋಗಿ ಎಷ್ಟೋ ಆಸ್ಪತ್ರೆಯವರು ಸೋತಿದ್ದಾರೆ. ಒಬ್ಬಳು ನರ್ಸ್ ಅಂತೂ ಅತ್ತೇಬಿಟ್ಲು ಪಾಪ. ಕೊನೆಗೆ ದೊಡ್ಡ ಡಾಕ್ಟರೇ ಬಂದು ಕೈಮುಗಿದ್ರು."

ಕೈ ನಾದಿಟ್ಟ ಹಿಟ್ಟಿನಂತೆ ನುಣ್ಣಗಿತ್ತು. ನೀಲಿ ಗೆರೆಯ ಸುಳಿವೇ ಇಲ್ಲ. ಮ್ಯಾನೇಜರಿಗೆ ಕಣ್ಣು ತುಂಬಿ ಬಂತು. ಬಾಡಿಗೆ ವಸೂಲಿಗೆ ಚಾಚುತ್ತಿದ್ದ ಕೈ ಇಷ್ಟು ಚೆಂದವೆಂದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ.

"ಬನ್ನಿ ಸಾರ್, ಈಗ್ಲೇ ಹೊರಡೋಣ."

"ಹೀಗೇ ಬರೋಕಾಗುತ್ತಾ? ದೊಡ್ಡವರು ನೋಡೋ ಕೈ. ಸ್ನಾನ ಮಾಡ್ಬೇಡ್ವಾ?"

ಓನರ್ ಹಬೆಯಾಡುವ ಬಿಸಿನೀರಿನಲ್ಲಿ ಮನಸಾರೆ ಮಿಂದರು. ಅವರ ಹೆಂಡತಿ, "ಪಾಪ, ಆ ನರ್ಸ್ ಹುಡುಗಿಗೂ ಕಷ್ಟ ಆಗ್ಬಾರದು, ನೀರು ಕುಡಿದು ಹೋದ್ರೆ ನರ ಸಿಗುತ್ತಂತೆ," ಎಂದು ಚೊಂಬಿನ ಮೇಲೆ ಚೊಂಬು ನೀರು ಕುಡಿಸಿದರು. ಮ್ಯಾನೇಜರ್ ಆಗ ಟ್ಯಾಕ್ಸಿ ಹುಡುಕುತ್ತಿದ್ದ, ಇದ್ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಟ್ಯಾಕ್ಸಿಯಲ್ಲಿ ಓನರ್ ಡ್ರೈವರನ ಜೊತೆ ದಾರಿಯುದ್ದಕ್ಕೂ ಜಗಳವಾಡಿದರು. ಸುತ್ತು ಹಾಕುತ್ತಿದ್ದೀಯ ಎಂದು ಇವರು, ನೀವೇ ಓಡಿಸಿ ಎಂದು ಅವನು. ಆಫೀಸು ತಲುಪಿದರೆ ಲಿಫ್ಟ್ ಕೆಟ್ಟಿತ್ತು. ರಿಪೇರಿಯವನಿಗೆ ಹೇಳಬೇಕಾಗಿದ್ದವನು ಮ್ಯಾನೇಜರೇ. ಆಫೀಸು ಐದನೇ ಮಹಡಿಯಲ್ಲಿತ್ತು.

ಮೆಟ್ಟಿಲು ಹತ್ತುತ್ತ ಓನರ್ ಏದುಸಿರು ಬಿಟ್ಟರು, ಬೆವರಿದರು, ಕೆಂಪಗಾದರು. ಮ್ಯಾನೇಜರ್ ಹಿಂದಿನಿಂದ ಗೋಣಿಚೀಲ ದಬ್ಬುವಂತೆ ದಬ್ಬಿದ. ಒಳಗೆ ಕಾಲಿಡುತ್ತಿದ್ದಂತೆ ಸಿಸ್ಟರ್ ಎದ್ದು ನಿಂತಳು.

"ಸಾರ್! ನಿಮ್ಮ ನರ ಬಾಗಿಲಿಂದಲೇ ಕಾಣ್ತಿದೆ!"

ನಿಜ. ಬಿಸಿನೀರು, ಚೊಂಬುಗಟ್ಟಲೆ ನೀರು, ಜಗಳ, ಮೆಟ್ಟಿಲು ಎಲ್ಲ ಸೇರಿ, ಜೀವಮಾನವಿಡೀ ಮುಖ ತೋರಿಸದ ನರಗಳೆಲ್ಲ ಉಬ್ಬಿ ಎದ್ದಿದ್ದವು. ಓನರ್ ತಮ್ಮ ಕೈಯನ್ನು ಪರರ ಕೈಯೆಂಬಂತೆ ನೋಡಿಕೊಂಡರು.

"ಸರಿಯಾಗಿ ನೋಡಮ್ಮಾ. ಅದು ನರ ಅಲ್ಲ, ಸುಕ್ಕು."

"ಸುಕ್ಕು ಒತ್ತಿದ್ರೆ ಪುಟಿಯುತ್ತಾ ಸಾರ್?" ಎಂದು ಸಿಸ್ಟರ್ ಒತ್ತಿ ತೋರಿಸಿದಳು. ಅದು ಪುಟಿಯಿತು.

ಹಣ ಹಾಕಲು ಬಂದ ಯಜಮಾನರು ಕನ್ನಡಕ ತೆಗೆದರು. "ಡಾಕ್ಟರಮ್ಮಾ, ಕನ್ನಡಕ ಇಲ್ದೆ ನಂಗೆ ನಿಮ್ಮ ಮುಖ ಕಾಣಲ್ಲ. ಈ ನರ ಕಾಣುತ್ತೆ. ಇದನ್ನ ಹುಡುಕೋಕೆ ಟಾರ್ಚ್ ಯಾಕಮ್ಮಾ?" ಎಂದವರೇ ಪೆನ್ನು ಜೇಬಿಗೆ ಸಿಕ್ಕಿಸಿ ಎದ್ದರು. ಡಾಕ್ಟರಮ್ಮನ ಮುಖ ಸಪ್ಪೆಯಾಯಿತು. ಓನರ್ ಮೂಲೆಯ ಕುರ್ಚಿಯಲ್ಲಿ ಕುಸಿದು, ತೋಳು ಇಳಿಸಿ ಗುಂಡಿ ಹಾಕಿಕೊಂಡರು.

ಮ್ಯಾನೇಜರ್ ಓಡಿಬಂದ. ಅವನು ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಎತ್ತಿ ಮುಗಿದ. "ಸಾರ್, ದಯವಿಟ್ಟು ಕೂತ್ಕೊಳ್ಳಿ. ಎಲ್ಲಿಂದಾದ್ರೂ ಇನ್ನೊಂದು ಕೈ ತರ್ತೀನಿ."

ಅಂಗಿಯ ತೋಳು ಮೊಣಕೈಗೆ ಜಾರಿತು. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇನ್ನೊಂದ್ಯಾಕೆ? ನಿಮ್ಮ ಕೈಯೇ ಇದ್ಯಲ್ಲ."

"ಅಯ್ಯೋ ಅದು ಬೇಡ ಸಾರ್, ಅವರ ನರ ಹಗ್ಗ..." ಎನ್ನುತ್ತ ಬಂದ ಡಾಕ್ಟರಮ್ಮ ಮಾತು ನಿಲ್ಲಿಸಿದರು. ಹಗ್ಗವೂ ಇಲ್ಲ, ದಾರವೂ ಇಲ್ಲ. ಯಜಮಾನರು ಎದ್ದ ಹೆದರಿಕೆಗೇ ನರಗಳು ಮುಕ್ಕಾಲು ಅಡಗಿದ್ದವು. 'ನಿಮ್ಮ ಕೈ' ಎಂಬ ಮಾತು ಕಿವಿಗೆ ಬಿದ್ದದ್ದೇ ಮ್ಯಾನೇಜರನ ರಕ್ತ ಹೆಪ್ಪುಗಟ್ಟಿದಂತಾಗಿ, ಕೈ ತಣ್ಣಗೆ ಬಿಳುಚಿಕೊಂಡು, ಉಳಿದವೂ ಯಾವ ಬಿಲ ಹೊಕ್ಕವೋ. ಸಿಸ್ಟರ್ ಪಟ್ಟಿ ಕಟ್ಟಿದಳು, ತಟ್ಟಿದಳು, ತೀಡಿದಳು. "ಆವತ್ತು ಕಣ್ಣಾರೆ ಕಂಡಿದ್ದೆ ಸಾರ್, ಎಲ್ಲಿ ಹೋದ್ವು?" ಎಂದು ಪೇಚಾಡಿದಳು. ಯಜಮಾನರು ಮತ್ತೆ ಕೂತರು. ಓನರ್ ಕೂಡ ಎದ್ದು ಬಂದು ಇಣುಕಿ, ಹೊಟ್ಟೆ ಉರಿಸಿಕೊಂಡರು.

"ಮ್ಯಾನೇಜರೇ, ನೀವು ಒಪ್ಪಿದ್ರೆ ಮಾತ್ರ. ಬಲವಂತ ಇಲ್ಲ," ಎಂದರು ಡಾಕ್ಟರಮ್ಮ ಮೆಲ್ಲಗೆ.

ಇಲ್ಲ ಎನ್ನಲು ಅವನು ಬಾಯಿ ತೆರೆದ. ತಿಂಗಳ ಕೊನೆ ಕಣ್ಮುಂದೆ ಬಂತು, ಮನೆಯಲ್ಲಿ ಕಾಯುವ ಹೆಂಡತಿ ಕಣ್ಮುಂದೆ ಬಂದಳು. ಬಾಯಿ ಮುಚ್ಚಿ ತಲೆಯಾಡಿಸಿದ. ಹಾಗೆ ನೋಡಿದರೆ ಆ ದಿನ ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಸಾಹಸ ಯಾರೂ ಮಾಡಲಿಲ್ಲ.

ಟಾರ್ಚ್ ಹತ್ತಿತು. ಬರಿಗಣ್ಣಿಗೆ ಏನೂ ಕಾಣದ ಕೈಯಲ್ಲಿ, ಪರದೆಯ ಮೇಲೆ ಹಸಿರು ಗೆರೆಯೊಂದು ಸ್ಪಷ್ಟವಾಗಿ ಮೂಡಿತು. ಯಜಮಾನರು "ಓಹೋ!" ಎಂದರು. ಸಿಸ್ಟರ್ ಸ್ಪಿರಿಟ್ ಹತ್ತಿಯಿಂದ ತೋಳು ಒರೆಸಿದ್ದಕ್ಕೇ ಮ್ಯಾನೇಜರ್ ಕೆಳಗಿನ ಮಹಡಿಯವರು ಓಡಿ ಬರುವಂತೆ ಕಿರುಚಿಕೊಂಡ. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ ಕಾದ, ಕಾದ, ಕಾದೇ ಕಾದ.

"ಯಾವಾಗ ಚುಚ್ತೀರಾ ಸಿಸ್ಟರ್?"

"ಆಗ್ಲೇ ಆಯ್ತಲ್ಲ ಸಾರ್."

ಕಣ್ಣು ಬಿಟ್ಟರೆ ತೋಳಿನ ಮೇಲೆ ಹತ್ತಿ, ಬಾಟಲಿಯಲ್ಲಿ ರಕ್ತ. ಯಜಮಾನರು ಪೆನ್ನಿನ ಮುಚ್ಚಳ ತೆಗೆದಿದ್ದರು.

"ಭೇಷ್! ಆದ್ರೆ ಒಂದು ಸಲ ಆಗಿದ್ದನ್ನ ಸಂಶೋಧನೆ ಅನ್ನಲ್ಲ. ವರ್ಷಪೂರ್ತಿ ಪ್ರತಿ ತಿಂಗಳು, ಬೇರೆ ಬೇರೆ ಡಾಕ್ಟರುಗಳ ಮುಂದೆ, ಈ ಕೈ ಮೇಲೇ ಮಾಡಿ ತೋರಿಸ್ಬೇಕು. ಹಣ ನಂದು. ಇವರ ಕೆಲಸ ಖಾಯಂ."

ಖಾಯಂ! ಮ್ಯಾನೇಜರ್ ಕುರ್ಚಿಯಿಂದ ಚಿಮ್ಮಿ ಎದ್ದ. "ಇಷ್ಟೇನಾ ಸಾರ್ ಚುಚ್ಚೋದು ಅಂದ್ರೆ? ಇರುವೆ ಕಚ್ಚಿದಷ್ಟೂ ಆಗ್ಲಿಲ್ಲ! ಇದಕ್ಕಾ ಇಷ್ಟು ವರ್ಷ ಹೆದರಿ ಸತ್ತಿದ್ದು? ತಿಂಗಳಿಗೊಂದ್ಸಲ ಯಾಕೆ, ದಿನಾ ಬನ್ನಿ! ಇನ್ನು ನಂಗೆ ಹೆದರಿಕೆ ಅನ್ನೋದೇ ಇಲ್ಲ!"

ಮುಖಕ್ಕೆ ರಂಗು ಬಂತು. ಮೈ ಬೆಚ್ಚಗಾಯಿತು. ಅದರ ಬೆನ್ನಿಗೇ ಕೈಮೇಲೆ ಒಂದು ನರ ಎದ್ದಿತು, ಪಕ್ಕದಲ್ಲಿ ಇನ್ನೊಂದು, ಕೊನೆಗೆ ಇಡೀ ಬಳಗವೇ ಎದ್ದು ನಿಂತಿತು. "ಬಂದ್ವು, ಬಂದ್ವು!" ಎಂದು ಸಿಸ್ಟರ್ ಕೂಗಿದಳು. ಯಜಮಾನರ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು.

"ಏನಿದು?"

"ಅದು... ಹೆದರಿದಾಗ ಮಾತ್ರ ಅಡಗುತ್ತೆ ಸಾರ್," ಎಂದರು ಡಾಕ್ಟರಮ್ಮ, ಸುಳ್ಳು ಹೇಳಲು ಬಾರದೆ.

"ಹಾಗಾದ್ರೆ ಇವರ ಹೆದರಿಕೆ ಹೋದ ದಿನ ನನ್ನ ಹಣಾನೂ ನಿಲ್ಲುತ್ತೆ, ಇವರ ಕೆಲಸಾನೂ ಹೋಗುತ್ತೆ. ಇದನ್ನೂ ಸೇರಿಸಿ ಬರೀರಿ."

ಮ್ಯಾನೇಜರ್ ಮತ್ತೆ ಕುರ್ಚಿ ಹಿಡಿದು ಕೂತ. ನರಗಳು ಬಂದ ದಾರಿ ಹಿಡಿದು ಒಳಗೆ ಹೋದವು. ಅದನ್ನು ನೋಡಿ ಯಜಮಾನರು ಸಮಾಧಾನದಿಂದ ಸಹಿ ಹಾಕಿದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಂದೆ ಓಡಿತ್ತು. ಹೆಂಡತಿ ಬಾಗಿಲಲ್ಲೇ ಬಿಸಿ ಕಾಫಿ ಹಿಡಿದು ನಿಂತಿದ್ದಳು. ಅವನು ಕೈಚಾಚುತ್ತಿದ್ದಂತೆ ಏನೋ ಹೊಳೆದವಳಾಗಿ ಲೋಟ ಹಿಂದಕ್ಕೆ ಎಳೆದುಕೊಂಡಳು. "ಬಿಸಿ ಬೇಡ ಕಣ್ರೀ. ಆರಿಸಿ ಕೊಡ್ತೀನಿ."

"ಕೆಲಸ ಖಾಯಂ ಆಯ್ತು ಕಣೇ," ಎಂದು ಅವನು ನಗಲು ಹೋದ.

"ನಗಬೇಡ್ರೀ! ನರ ಎದ್ದಾವು!"

ಅಷ್ಟರಲ್ಲಿ ಓನರ್ ಬಂದರು. ಬೆಳಗಿನ ಸೋಲನ್ನು ಮರೆತು ದೊಡ್ಡತನ ತಂದುಕೊಂಡಿದ್ದರು. ಕುರ್ಚಿ ಎಳೆದು ಕೂತು, ಮ್ಯಾನೇಜರನ ಹೆಗಲ ಮೇಲೆ ಕೈಯಿಟ್ಟರು.

"ಏನೂ ಯೋಚ್ನೆ ಮಾಡ್ಬೇಡ ಕಣಯ್ಯಾ. ನಿನ್ನ ಕೈ ಉಳಿಸೋ ಜವಾಬ್ದಾರಿ ನಂದು. ಪ್ರತಿ ತಿಂಗಳು ಪರೀಕ್ಷೆಯ ಹಿಂದಿನ ದಿನ ಬಂದು, ಮನೆ ಖಾಲಿ ಮಾಡು ಅಂತ ಹೇಳಿ ಹೋಗ್ತೀನಿ."

ಮ್ಯಾನೇಜರ್ ಅವರ ಮುಖ ನೋಡಿದ. "ತಮಾಷೆಗೆ ತಾನೇ ಸಾರ್?"

"ಅದನ್ನ ಹೇಳಿಬಿಟ್ರೆ ನೀನು ಹೆದರ್ತೀಯೇನಯ್ಯಾ?" ಎಂದು ಓನರ್ ಎದ್ದು, ಮೆಟ್ಟಿಲು ಹತ್ತಿ ಹೊರಟುಹೋದರು.

ಹೆಂಡತಿ ಗಂಡನ ಕೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಂದೇ ಒಂದು ನರವೂ ಕಾಣಲಿಲ್ಲ. "ಸದ್ಯ," ಎಂದು ನಿಟ್ಟುಸಿರು ಬಿಟ್ಟು, ತಣ್ಣಗಾದ ಕಾಫಿಯನ್ನು ಅವನ ಕೈಗಿಟ್ಟಳು.