ಹದಿನೈದನೇ ಹಾಸಿಗೆಯ ಆಚೆಗಿನ ಸ್ವರ್ಗ

ಒಂದೇ ತಿಂಗಳಲ್ಲಿ ಮನೆಗೆ ಹೊಸ ವಾಷಿಂಗ್ ಮಷೀನ್ ತಂದು ನಿಲ್ಲಿಸದಿದ್ದರೆ ತನ್ನ ಹೆಸರನ್ನೇ ಬದಲಾಯಿಸಿಕೊಳ್ಳುವುದಾಗಿ ಸ್ಪ್ರಿಂಗಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

"ಆ ಹೆಸರೇನು ನಿಮ್ಮಪ್ಪ ಇಟ್ಟಿದ್ದಾ? ಅಂಗಡಿಯವರು ಇಟ್ಟಿದ್ದು. ಬದಲಾಯಿಸಿದ್ರೆ ಯಾರಿಗೇನು ನಷ್ಟ?" ಎಂದಳು ಹೆಂಡತಿ, ಒದ್ದೆ ಹೊದಿಕೆಯೊಂದನ್ನು ಕತ್ತು ಹಿಚುಕುವಂತೆ ಹಿಂಡುತ್ತಾ.

ಮಾತು ನಿಜವೇ. ಅವನು ಹಾಸಿಗೆ ಅಂಗಡಿಯ ಸೇಲ್ಸ್‌ಮನ್. ಗಿರಾಕಿಯ ಕಣ್ಣೆದುರೇ ಹಾಸಿಗೆಯ ಮೇಲೆ ಹಾರಿ, ಚೆಂಡಿನಂತೆ ಪುಟಿದು, ನೆಲಕ್ಕಿಳಿಯುವ ಮೊದಲೇ ಬೆಲೆ ಹೇಳಿ ಮುಗಿಸುವ ಕಲಾವಿದ. ಒಮ್ಮೆ ಫ್ಯಾನಿಗೆ ತಲೆ ತಗುಲಿ, ಫ್ಯಾನೇ ರಿಪೇರಿಗೆ ಹೋಗಿತ್ತು! ಆದರೆ ಮನೆಯ ಹಳೇ ಮಷೀನು ಗರಗರ ಎಂದು ಪ್ರಾಣ ಬಿಟ್ಟಾಗಿನಿಂದ ಬಟ್ಟೆಯೆಲ್ಲ ಹೆಂಡತಿಯ ಕೈಗೇ ಬಿದ್ದಿತ್ತು. ಅವಳ ಬಲಗೈ ಮಣಿಕಟ್ಟು ಊದಿತ್ತು. "ಒಗೆಯೋದು ನಿಲ್ಲಿಸಿ" ಎಂದಿದ್ದರು ಡಾಕ್ಟರು. ಒಗೆಯುವವರು ಇನ್ಯಾರು ಎಂಬುದನ್ನು ಮಾತ್ರ ಅವರು ಚೀಟಿಯಲ್ಲಿ ಬರೆದುಕೊಟ್ಟಿರಲಿಲ್ಲ.

ಅಂಥ ಹೊತ್ತಿನಲ್ಲೇ ಮಾಲೀಕರು ಎರಡು ಯೋಜನೆ ಮುಂದಿಟ್ಟರು. ಮೊದಲನೆಯದು: ಇಪ್ಪತ್ತು ಸಾವಿರ ಖಾಯಂ ಸಂಬಳ, ಮಾರಿದ ಹಾಸಿಗೆಗೆ ಇನ್ನೂರು ಕಮಿಷನ್. ಎರಡನೆಯದು: ಎಂಟೇ ಸಾವಿರ ಖಾಯಂ, ಆದರೆ ಹಾಸಿಗೆಗೆ ಸಾವಿರ! ಯಾವುದಕ್ಕೆ ಸಹಿ ಹಾಕಿದರೂ ಆರು ತಿಂಗಳು ಅದೇ ಗತಿ.

ಸ್ಪ್ರಿಂಗಣ್ಣ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದ. ಒಂದು ಸೋಮಾರಿಯಂತೆ ಮಲಗಿಕೊಂಡೇ ಸಾಗಿತು. ಇನ್ನೊಂದು ಪಾತಾಳದಿಂದ ಹೊರಟು ಕೈಲಾಸದ ಕಡೆ ನುಗ್ಗಿತು. ಹದಿನೈದನೇ ಹಾಸಿಗೆಯಲ್ಲಿ ಎರಡೂ ಗೆರೆ ಕೂಡಿದವು. ಅಲ್ಲಿ ಎರಡರಲ್ಲೂ ಇಪ್ಪತ್ತಮೂರು ಸಾವಿರ!

"ನೋಡೇ, ಎಕ್ಸ್ ಅಂದ್ರೆ ಮಾರಿದ ಹಾಸಿಗೆ, ವೈ ಅಂದ್ರೆ ಕೈಗೆ ಬರೋ ಸಂಬಳ. ಹದಿನೈದು ದಾಟಿದ್ರೆ ಎರಡನೇದೇ ಸ್ವರ್ಗ!"

"ದಾಟದಿದ್ರೆ?"

"ದಾಟ್ತೀನಿ!"

"ತಿಂಗಳಿಗೆ ಹತ್ತೋ ಹನ್ನೊಂದೋ ಮಾರೋರು ನೀವು. ಮೊದಲನೇದಕ್ಕೆ ಹಾಕ್ರಿ ಸಹಿ. ಎಕ್ಸ್ ಸೊನ್ನೆ ಆದ್ರೂ ಇಪ್ಪತ್ತು ಸಾವಿರ ಎಲ್ಲಿಗೂ ಹೋಗಲ್ಲ. ಮಷೀನು ಕಂತಲ್ಲಿ ತಗೊಳ್ಳೋಣ."

"ಸೊನ್ನೆ! ನನ್ನ ಬಾಯಿ ಇರೋವರೆಗೆ ಎಕ್ಸ್ ಸೊನ್ನೆ ಆಗೋದುಂಟೇನೇ?"

"ನಿಮ್ಮ ಬಾಯಿ ಮೇಲೆ ನಂಗೆ ಅನುಮಾನ ಇಲ್ಲ. ಕೇಳೋರ ಕಿವಿ ಮೇಲೆ ಇರೋದು."

"ಈ ತಿಂಗಳು ಎಕ್ಸ್ ಮೂವತ್ತು! ಮೂವತ್ತೆಂಟು ಸಾವಿರ! ಮನೆಗೆ ಇಪ್ಪತ್ತೆರಡು, ಮಷೀನಿಗೆ ಹದಿನಾರು!"

"ಆ ಮೂವತ್ತು ಎಲ್ಲಿಂದ ಉದುರಿತು?"

"ಅಯ್ಯೋ ಪೆದ್ದೀ, ಎಕ್ಸ್ ಜಾಗಕ್ಕೆ ಏನು ಬೇಕಾದ್ರೂ ಹಾಕ್ಕೋಬಹುದು!"

ಸಹಿ ಬಿತ್ತು. ಎರಡನೆಯದಕ್ಕೆ.

ಅಂಗಡಿಗೆ ಬರುವ ಗಿರಾಕಿಗಳನ್ನು ಕಾಯುತ್ತಾ ಕೂರುವುದು ಅಲ್ಪರ ಕೆಲಸವೆಂದು ಸ್ಪ್ರಿಂಗಣ್ಣ ನೆಂಟರಿಷ್ಟರ ಮೇಲೆ ದಂಡೆತ್ತಿ ಹೋದ. ಷಡ್ಡಕ, ಚಿಕ್ಕಪ್ಪ, ಇಬ್ಬರು ಭಾವಂದಿರು ಸೇರಿ ನಾಲ್ಕು ಹಾಸಿಗೆ. ಬೆನ್ನು ನೆಟ್ಟಗಿದ್ದವರಿಗೂ ಬೆನ್ನುನೋವಿನ ಭಯ ಹುಟ್ಟಿಸಿದ. ಹಿಂಜರಿದವರಿಗೆಲ್ಲ ಅಂಗಡಿಯ ಬ್ರಹ್ಮಾಸ್ತ್ರ ಬಿಟ್ಟ: "ಹತ್ತು ರಾತ್ರಿ ಮಲಗಿ ನೋಡಿ. ಹಿಡಿಸದಿದ್ರೆ ವಾಪಸ್ ಕೊಡಿ, ಪೂರ್ತಿ ದುಡ್ಡು ತಗೊಳ್ಳಿ. ಯಾಕೆ ಅಂತ ಒಬ್ಬರೂ ಕೇಳಲ್ಲ!"

ಸೋದರತ್ತೆಯ ಕಿವಿ ನಿಮಿರಿದ್ದು ಅಲ್ಲೇ. "ಏ ಮಗಾ, ಯಾರೂ ಕೇಳಲ್ವಾ?"

"ಕೇಳಿದ್ರೆ ನನ್ನನ್ನ ಕೇಳು ಅತ್ತೆ!"

"ಹಾಗಾದ್ರೆ ಹದಿನಾಲ್ಕು ಕಳಿಸು."

ಸ್ಪ್ರಿಂಗಣ್ಣನಿಗೆ ಖುಷಿಯಿಂದ ಕಣ್ಣು ಕತ್ತಲಿಟ್ಟಿತು. ಅತ್ತೆಯ ಬೀಗರ ಮನೆ ರಿಪೇರಿಗೆ ಬಿದ್ದು, ಮಕ್ಕಳು ಮರಿ ಸಮೇತ ಹದಿನಾಲ್ಕು ಮಂದಿ ಅತ್ತೆಯ ಮನೆಯಲ್ಲೇ ಬೀಡುಬಿಟ್ಟಿದ್ದರು. ಮೇಸ್ತ್ರಿ ಹತ್ತೇ ದಿನವೆಂದು ಹೇಳಿದ್ದನಂತೆ. ಆ ಹತ್ತಕ್ಕೂ ಅಂಗಡಿಯ ಹತ್ತಕ್ಕೂ ನಂಟೇನಾದರೂ ಇರಬಹುದೇ ಎಂದು ನಮ್ಮ ಗಣಿತಜ್ಞನಿಗೆ ಹೊಳೆಯಲೇ ಇಲ್ಲ!

ಅಂಗಡಿಗೇ ತಾವಾಗಿ ಬಂದು ಕೊಂಡವರು ಮೂವರು. ಒಟ್ಟು ಇಪ್ಪತ್ತೊಂದು! ಗೆರೆ ಹದಿನೈದನ್ನು ದಾಟಿ ಮೋಡದೊಳಕ್ಕೆ ಹೋಗಿತ್ತು. ಸ್ಪ್ರಿಂಗಣ್ಣ ಮಷೀನಿನ ಬಣ್ಣವನ್ನೂ ಆರಿಸಿದ. ಹೆಂಡತಿ ಮಾತ್ರ, "ಮನೆಗೆ ಬರಲಿ, ಆಮೇಲೆ ಬಣ್ಣ ನೋಡೋಣ" ಎಂದು ಬಕೆಟ್ ಎತ್ತಿಕೊಂಡು ಹೋದಳು.

ಹಾಸಿಗೆ ಹೋದ ಹತ್ತನೆಯ ದಿನ, ಸರಿಯಾಗಿ ತಿಂಗಳ ಕೊನೆಗೆ, ಅಂಗಡಿಯ ಮುಂದೆ ಲಾರಿಯೊಂದು ನಿಂತಿತು. ಅದರೊಳಗೆ ಹದಿನಾಲ್ಕು ಹಾಸಿಗೆ, ಮುಂದಿನ ಸೀಟಿನಲ್ಲಿ ಸೋದರತ್ತೆ.

"ಹಿಡಿಸಲಿಲ್ಲ" ಎಂದಳು ಅತ್ತೆ.

"ಹದಿನಾಲ್ಕೂ?!"

"ಯಾಕೆ ಅಂತ ಯಾರೂ ಕೇಳಲ್ಲ ಅಂದಿದ್ದೆ ಕಣೋ!"

ಅತ್ತೆ ಈ ಸುಲಭೋಪಾಯವನ್ನು ಬಂಧುಬಳಗಕ್ಕೆಲ್ಲ ಫೋನಿನಲ್ಲೇ ಬೋಧಿಸಿದ್ದಳು. ಸಂಜೆಯೊಳಗೆ ಚಿಕ್ಕಪ್ಪನದು ಬಂತು, ಷಡ್ಡಕನದು ಬಂತು, ಭಾವಂದಿರವು ಒಂದೇ ಟೆಂಪೋದಲ್ಲಿ ಬಾಡಿಗೆ ಹಂಚಿಕೊಂಡು ಬಂದವು!

"ಸಾರ್, ಮಾರಿದ್ದಂತೂ ಮಾರಿದ್ದೇ ಅಲ್ವಾ?" ಎಂದು ಸ್ಪ್ರಿಂಗಣ್ಣ ಹಲ್ಲುಗಿಂಜಿದ.

ಮಾಲೀಕರು ಕನ್ನಡಕದ ಮೇಲಿಂದ ನೋಡಿದರು. "ವಾಪಸ್ ಬಂದ ಹಾಸಿಗೆಗೆ ಕಮಿಷನ್ ಏನಯ್ಯಾ? ಇಪ್ಪತ್ತೊಂದರಲ್ಲಿ ಹದಿನೆಂಟು ಹೋಯ್ತು. ಮೂರು ಉಳೀತು. ಎಂಟು ಮತ್ತೆ ಮೂರು, ಹನ್ನೊಂದು ಸಾವಿರ."

ಮೊದಲ ಯೋಜನೆಯಲ್ಲಿ ಇದೇ ಮೂರಕ್ಕೆ ಇಪ್ಪತ್ತು ಸಾವಿರದ ಆರುನೂರು! ಈ ಲೆಕ್ಕ ಬೇಡವೆಂದರೂ ತಾನಾಗಿ ತಲೆಯೊಳಗೆ ಬಂದು ಕೂತಿತು. ಕೈಲಾಸಕ್ಕೆ ಹೊರಟ ಗೆರೆ ಬಂದ ದಾರಿಯಲ್ಲೇ ಜಾರಿ ಪಾತಾಳ ಸೇರಿತ್ತು. ಅಲ್ಲಿಂದ ಮೇಲೇಳಲು ಇನ್ನೂ ಐದು ತಿಂಗಳು!

ಹೆಂಡತಿ ಎಲ್ಲ ಕೇಳಿದಳು. ಒಳಗೆ ಹೋಗಿ ಸಾಬೂನು ತಂದು ಗಂಡನ ಕೈಯಲ್ಲಿಟ್ಟಳು.

"ಮಷೀನು ಬಂತು ಅಂದ್ಕೋತೀನಿ. ಬಣ್ಣ ಸ್ವಲ್ಪ ಕಪ್ಪು, ಹೊಟ್ಟೆ ಸ್ವಲ್ಪ ದಪ್ಪ. ಇರಲಿ, ನಿಮಗೆ ಸಮೀಕರಣ ಅಂದ್ರೆ ಪ್ರಾಣ ತಾನೆ? ಇದನ್ನೂ ಕೇಳ್ಕೊಳ್ಳಿ. ದಿನಕ್ಕೆ ಎರಡು ಬಕೆಟ್ ಬಟ್ಟೆ ಖಾಯಂ. ಅದರ ಮೇಲೆ, ಮನೆಗೆ ಬಂದ ನೆಂಟರ ತಲೆಗೊಂದು ಬಕೆಟ್. ನೆಂಟರು ಎಕ್ಸ್."

ಸ್ಪ್ರಿಂಗಣ್ಣನಿಗೆ ಹೋದ ಜೀವ ಬಂದಂತಾಯಿತು. "ಅಷ್ಟೇನಾ! ನಮ್ಮನೇಗೆ ಯಾವ ನೆಂಟರು ಬರ್ತಾರೆ? ಎಕ್ಸ್ ಸೊನ್ನೆ!"

ಹೊರಗೆ ವ್ಯಾನೊಂದು ಕಿರ್ರೆಂದು ನಿಂತಿತು. ಸೋದರತ್ತೆಯ ಗಂಟಲು ಗೋಡೆ ಸೀಳಿಕೊಂಡು ಬಂತು: "ಏ ಮಗಾ! ಮೇಸ್ತ್ರಿ ಕೈಕೊಟ್ಟ ಕಣೋ, ಇನ್ನೂ ಎರಡು ತಿಂಗಳಂತೆ! ಹಾಸಿಗೆ ನಿಮ್ಮಂಗಡಿಗೆ ಹೋಯ್ತು, ಬೀಗರನ್ನ ಬರೀ ನೆಲದ ಮೇಲೆ ಮಲಗಿಸೋಕಾಗುತ್ತಾ? ಅದಕ್ಕೇ ನಿಮ್ಮನೇಗೇ ಕರ್ಕೊಂಡು ಬಂದೆ!"

ಹೆಂಡತಿ ಕಿಟಕಿಯ ಪರದೆ ಸರಿಸಿದಳು.

"ಇಳೀತಿದ್ದಾರೆ, ಎಣಿಸ್ಕೊಳ್ಳಿ. ಈ ಎಕ್ಸ್ ಮಾತ್ರ ವಾಪಸ್ ಹೋಗೋದಲ್ಲ!"