ಬೆಳ್ಳಗಾದ ಬೆಳ್ಳಿ

ನಾಣ್ಯದಲ್ಲಿದ್ದ ಬೆಳ್ಳಿಗೆ ಹೆಚ್ಚೆಂದರೆ ಆರುನೂರು ರೂಪಾಯಿ. ಅದನ್ನಿಟ್ಟ ಮರದ ಪೆಟ್ಟಿಗೆಗೆ ಇನ್ನೂರು ಅನ್ನಿ. ಆದರೆ ನಾಣ್ಯದ ಬೆಲೆ ಎಂಟು ಸಾವಿರ. ಮಿಕ್ಕಿದ್ದೆಲ್ಲ ಅದರ ಮೇಲಿದ್ದ ಚಿತ್ರಕ್ಕೆ, ಮತ್ತು ಆ ಚಿತ್ರದ ಸಂದುಗೊಂದುಗಳಲ್ಲಿ ಕೂತಿದ್ದ ಕಪ್ಪಿಗೆ. ಆ ಕಪ್ಪನ್ನು ತೆಗೆಯಲು ವಿಶಾಲಾಕ್ಷಮ್ಮನಿಗೆ ಬೇಕಾದದ್ದು ನಿಂಬೆಗಾತ್ರದ ಹುಣಸೆಹಣ್ಣು ಮತ್ತು ಒಂದು ಚಿಟಿಕೆ ವಿಭೂತಿ.

ವಿಶಾಲಾಕ್ಷಮ್ಮನ ಗಂಡ ಷಡಕ್ಷರಿ, ವಸ್ತಾರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆದೂ ಬರೆದೂ ತಲೆಯ ಕೂದಲೆಲ್ಲ ಉದುರಿತ್ತು. ಬರುವ ಯುಗಾದಿಯಿಂದ ಮೇನೇಜರ್ ಮಾಡುತ್ತೇನೆಂದು ಸಾಹುಕಾರ ರಂಗನಾಥ ಮಾತು ಕೊಟ್ಟಿದ್ದರು. ನಾಣ್ಯವೂ ಅವರದೇ. ಹಾಲೆಂಡಿನ ಕಾಫಿ ವ್ಯಾಪಾರಿಯೊಬ್ಬ ಹೊಸವರ್ಷಕ್ಕೆ ಕಳಿಸಿದ್ದು. ಆ ದೇಶದ ಹೆಸರಾಂತ ಹಳೆಯ ವರ್ಣಚಿತ್ರವೊಂದನ್ನು ಅದರ ಮೇಲೆ ಕೆತ್ತಿದ್ದರು: ಕಿಟಕಿಯ ಪಕ್ಕ ನಿಂತ ಕೆಲಸದ ಹೆಂಗಸು, ಕೈಯಲ್ಲಿ ಹೂಜಿ, ಹೂಜಿಯಿಂದ ಬಟ್ಟಲಿಗೆ ಸುರಿಯುವ ಹಾಲು. ಕೋಣೆಯ ನೆರಳು ಕಾಣಲೆಂದು ಬೇಕಂತಲೇ ಕಪ್ಪು ಹಿಡಿಸಿದ್ದರು.

ಶಿವರಾತ್ರಿಯ ಹಿಂದಿನ ದಿನ ಸಂಜೆ ರಂಗನಾಥ ಪೆಟ್ಟಿಗೆಯನ್ನು ಷಡಕ್ಷರಿಯ ಕೈಗಿಟ್ಟರು.

"ನಾಳೆ ಸಂಜೆ ಆ ಹಾಲೆಂಡಿನ ಮನುಷ್ಯ ಬರ್ತಾನೆ. ಕಳಿಸಿದ್ದನ್ನ ಜೋಪಾನ ಮಾಡಿದೀವಿ ಅಂತ ತೋರಿಸ್ಬೇಕು. ನಮ್ಮನೇಲಿ ಹಬ್ಬದ ಪಾತ್ರೆ ತೊಳೆಯೋ ಗಲಾಟೆ. ನನ್ನ ಹೆಂಡ್ತಿ ಕಣ್ಣಿಗೆ ಬಿದ್ರೆ ಉಜ್ಜಿಬಿಡ್ತಾಳೆ. ಈ ಕಪ್ಪೇ ಇದರ ಬೆಲೆ, ಗೊತ್ತಾಯ್ತಾ? ನಿಮ್ಮನೇಲಿರ್ಲಿ. ಮೇನೇಜರ್ ಆಗೋರು ನೀವು."

ಕಳ್ಳ ಕೈ ಹಾಕದ ಜಾಗ ಯಾವುದೆಂದು ಷಡಕ್ಷರಿ ತುಂಬ ಯೋಚಿಸಿದರು. ಕೊನೆಗೆ ದೇವರ ಮನೆಯಲ್ಲಿ, ದೀಪದ ಕಂಬದ ಹಿಂದೆ ಇಟ್ಟು ನೆಮ್ಮದಿಯಾಗಿ ಮಲಗಿದರು. ಶಿವರಾತ್ರಿಯ ಬೆಳಿಗ್ಗೆ ಹೆಂಗಸರು ಮೊದಲು ಕೈ ಹಾಕುವುದೇ ದೇವರ ಮನೆಗೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಸ್ನಾನ ಮುಗಿಸಿ ಬಂದಾಗ ಮಣೆಯ ಮೇಲೆ ಆರತಿ ತಟ್ಟೆ, ಗಿಂಡಿ, ಕುಂಕುಮದ ಬಟ್ಟಲು ಸಾಲಾಗಿ ಹೊಳೆಯುತ್ತಿದ್ದವು. ಕೊನೆಯಲ್ಲಿ ನಾಣ್ಯ. ನೆರಳಿನ ಕೋಣೆಯಲ್ಲಿ ನಿಂತಿದ್ದ ಹೆಂಗಸು ಈಗ ಟ್ಯೂಬ್‌ಲೈಟಿನ ಕೆಳಗೆ ನಿಂತ ಹಾಗಿದ್ದಳು.

"ಏನೇ ಮಾಡ್ದೆ ಸಾಹುಕಾರರ ನಾಣ್ಯಾನ?"

"ಯಾಕ್ರೀ ಹಾಗೆ ಕಿರುಚ್ತೀರಾ? ದೇವರ ಮನೇಲಿ ಅಂಥ ಕಪ್ಪು ಬೆಳ್ಳಿ ಇಡ್ತಾರಾ? ಆ ಬಟ್ಟಲ ಹತ್ರ ಎಷ್ಟು ತಿಕ್ಬೇಕಾಯ್ತು ಗೊತ್ತಾ! ಪಾಪ, ಆಯಮ್ಮನ ಮುಖ ಈಗ ಹೇಗಿದೆ ನೋಡಿ."

ಷಡಕ್ಷರಿ ನೋಡಿದರು. ಆಯಮ್ಮನ ಮುಖದಲ್ಲಿ ಅವರಿಗೆ ಕಂಡದ್ದು ತಮ್ಮ ಜಾಗಕ್ಕೆ ಬರುವ ಇನ್ನೊಬ್ಬ ಮೇನೇಜರು. ನಾಣ್ಯವನ್ನು ಪೆಟ್ಟಿಗೆಗೆ ಹಾಕಿ, ತಿಂಡಿ ಬೇಡವೆಂದು ಹೊರಟರು. ಹೇಗೂ ಉಪವಾಸದ ದಿನ.

ಎಸ್ಟೇಟಿನ ಜೀಪು ಓಡಿಸುವ ಕುಮಾರ್ ಎದುರಾದ.

"ಕುಮಾರ್, ಬೆಳ್ಳಿ ಕಪ್ಪಾಗೋಕೆ ಎಷ್ಟು ದಿನ ಬೇಕು?"

"ಯಾರಿಗ್ರೀ ಬೇಕು ಕಪ್ಪು ಬೆಳ್ಳಿ? ನನ್ನ ಹೆಂಡ್ತಿ ಮಗುಗೆ ಬೆಳ್ಳಿ ಚಮಚದಲ್ಲಿ ಬೇಯ್ಸಿದ್ ಮೊಟ್ಟೆ ತಿನ್ಸಿದ್ಲು. ಒಂದೇ ಸಲಕ್ಕೆ ಕಾಗೆ ಹಂಗಾಯ್ತು. ಅವರಮ್ಮ ಕೊಟ್ಟಿದ್ದ ಚಮಚ ಬೇರೆ, ನಂಗೆ ಬೈಗುಳ."

ಮೊಟ್ಟೆ! ಷಡಕ್ಷರಿಯ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರೂ ಮುಟ್ಟದ ವಸ್ತು. ಅದೂ ಶಿವರಾತ್ರಿಯ ದಿನ, ಕೊರಳಲ್ಲಿ ಲಿಂಗ, ಹಣೆಯಲ್ಲಿ ಇನ್ನೂ ಹಸಿ ವಿಭೂತಿ.

ವಸ್ತಾರೆಯ ಅಂಗಡಿ ಮುಂದೆ ಅವರು ಮೂರು ಸಲ ಓಡಾಡಿದರು. ಗಿರಾಕಿಗಳೆಲ್ಲ ಹೋದಮೇಲೆ ಒಳಹೊಕ್ಕು, "ಒಂದು ಮೊಟ್ಟೆ" ಅಂದರು.

"ಏನಂದ್ರಿ? ಜೋರಾಗಿ ಹೇಳಿ."

"ಮೊಟ್ಟೆ ಕಣಯ್ಯ, ಒಂದು."

"ರೈಟರ್ರಿಗೆ ಮೊಟ್ಟೆ!" ಅಂಗಡಿಯವನ ದನಿ ಬಸ್‌ಸ್ಟಾಪಿನವರೆಗೆ ಮುಟ್ಟಿತು. "ನಾಟಿದಾ, ಫಾರಂದಾ?"

ಮೊಟ್ಟೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಎದೆಗೆ ಕೈ ಒತ್ತಿ ಹೃದಯದ ರೋಗಿಯಂತೆ ನಡೆದರು. ಮನೆಯಲ್ಲಿ ಬೇಯಿಸುವಂತಿಲ್ಲ. ಎಸ್ಟೇಟಿನಲ್ಲಿ ಕಾಫಿಯ ರುಚಿ ನೋಡುವ ಕೋಣೆಯಲ್ಲಿ ಕರೆಂಟಿನ ಕೆಟಲ್ ಇತ್ತು. ಬಾಗಿಲು ಮುಂದೆ ಮಾಡಿ ಮೊಟ್ಟೆಯನ್ನು ಅದರಲ್ಲಿ ಹಾಕಿ, ಒಮ್ಮೆ ಸ್ವಿಚ್ಚಿನ ಕಡೆ, ಒಮ್ಮೆ ಕಿಟಕಿಯ ಕಡೆ ನೋಡುತ್ತ ನಿಂತರು. ಬೆಂದ ಮೊಟ್ಟೆಯನ್ನು ಎರಡು ಹೋಳು ಮಾಡಿ ಊಟದ ಡಬ್ಬಿಯಲ್ಲಿ ನಾಣ್ಯದ ಪಕ್ಕ ಇಡುವಷ್ಟರಲ್ಲಿ ಬಾಗಿಲು ತೆರೆಯಿತು.

ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಪ್ಪ. ಪಕ್ಕದ ಮನೆಯವರು. ಕೈಯಲ್ಲಿ ಒಂದು ಹಿಡಿ ಬಿಲ್ವಪತ್ರೆ.

"ಷಡಕ್ಷರಿ, ಪತ್ರೆ ತಂದಿದ್ದೆ..." ಮೂಗು ಡಬ್ಬಿಯ ಕಡೆ ತಿರುಗಿತು. ಹಿಂದೆಯೇ ಕಣ್ಣೂ ತಿರುಗಿತು. "ಶಿವ ಶಿವಾ! ಏನಪ್ಪಾ ಅದು?"

"ತಿನ್ನೋಕಲ್ಲ ಮೇಷ್ಟ್ರೇ, ಔಷಧಿಗೆ."

"ಯಾವ ಔಷಧಿ?"

ನಾಣ್ಯದ ಮಾತೆತ್ತಿದರೆ ಸಂಜೆಯೊಳಗೆ ಸಾಹುಕಾರರ ಬಂಗಲೆ ಮುಟ್ಟುತ್ತದೆ. ಷಡಕ್ಷರಿಗೆ ಬಾಯಿಗೆ ಬಂದದ್ದು ಒಂದೇ. "ಕೂದಲಿಗೆ."

ಮಲ್ಲಿಕಾರ್ಜುನಪ್ಪ ಷಡಕ್ಷರಿಯ ತಲೆಯನ್ನು ಹಣೆಯಿಂದ ಹೆಡಕಿನವರೆಗೆ ನಿಧಾನವಾಗಿ ನೋಡಿದರು. "ಬೇಯ್ಸಿ ಹಚ್ತಾರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಪತ್ರೆಯನ್ನು ಕೊಡದೆ ವಾಪಸು ಹೋದರು.

ಷಡಕ್ಷರಿ ಡಬ್ಬಿ ಮುಚ್ಚಿ ಅದರ ಮುಂದೆ ಕಾವಲು ಕೂತರು. ತೆಗೆದು ನೋಡಿದಾಗ ನಾಣ್ಯಕ್ಕೆ ಜೇನಿನ ಬಣ್ಣ. ಮತ್ತೆ ನೋಡಿದಾಗ ನೇರಳೆ. ಆತುರಪಟ್ಟರೆ ಕೆಟ್ಟೀತೆಂದು ಬಿಟ್ಟದ್ದೇ ತಪ್ಪಾಯಿತು. ಮೂರನೇ ಸಲ ತೆಗೆದಾಗ ಎಲ್ಲವೂ ಕಗ್ಗಪ್ಪು. ಹಾಲು ಸುರಿಯುತ್ತಿದ್ದವಳು ಈಗ ಡಿಕಾಕ್ಷನ್ ಸುರಿಯುತ್ತಿದ್ದಳು! ಪಂಚೆಯ ಚುಂಗನ್ನು ಬೆರಳಿಗೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಮೊದಲು ಹಾಲಿನ ಧಾರೆ, ಆಮೇಲೆ ಮೂಗಿನ ತುದಿ, ಆಮೇಲೆ ತೋಳು ಒರೆಸಿದರು. ಮಧ್ಯಾಹ್ನ ಜಾರಿ ಸಂಜೆಯಾಗುವ ಹೊತ್ತಿಗೆ ಕೋಣೆಗೆ ನೆರಳು ಬಂತು, ಹಾಲು ಮತ್ತೆ ಹಾಲಾಯಿತು.

ಬಂಗಲೆಯ ಜಗುಲಿಯಲ್ಲಿ ರಂಗನಾಥ ಪೆಟ್ಟಿಗೆ ತೆರೆದು ನಾಣ್ಯವನ್ನು ಬೆಳಕಿಗೆ ಹಿಡಿದರು.

"ಹೆಂಗೆ ಕೊಟ್ಟಿದ್ನೋ ಹಂಗೇ ಇದೆಯಲ್ಲ?"

"ಹಂಗೇ ಇದೆ ಸಾರ್. ಯಾರೂ ಮುಟ್ಟಿಲ್ಲ."

"ಭೇಷ್. ಅದಕ್ಕೇ ನಿಮ್ಮ ಹತ್ರ ಕೊಟ್ಟಿದ್ದು." ಬೆನ್ನು ತಟ್ಟಿ, ಪೆಟ್ಟಿಗೆಯನ್ನು ನಡುಮನೆಯ ಮೇಜಿನ ಮೇಲಿಟ್ಟು, ಆಗಷ್ಟೇ ಬಂದಿಳಿದ ಅತಿಥಿಯನ್ನು ಒಣಹಾಕಿದ ಕಾಫಿ ತೋರಿಸಲು ಕಣಕ್ಕೆ ಕರೆದೊಯ್ದರು. ಷಡಕ್ಷರಿ ಬೆಳಗಿನಿಂದ ಮೊದಲ ಬಾರಿಗೆ ಪೂರ್ತಿ ಉಸಿರೆಳೆದುಕೊಂಡರು.

ಅತಿಥಿ ಕಣದಿಂದ ವಾಪಸು ಬಂದು ಸೋಫಾದಲ್ಲಿ ಕೂತ ಕೂಡಲೇ ರಂಗನಾಥರ ಹೆಂಡತಿ ವಿಮಲಮ್ಮ ಒಳಗಿನಿಂದ ಬಂದರು. ಕೈಯಲ್ಲಿ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ನಾಣ್ಯ. ನಾಣ್ಯ ಹುಣ್ಣಿಮೆಯ ಚಂದ್ರನಂತೆ ಬೆಳಗುತ್ತಿತ್ತು. ಹಾಲಿನವಳ ಹಣೆಗೆ ಕುಂಕುಮವೂ ಬಂದಿತ್ತು.

"ವಿಮಲಾ!"

"ನನ್ನ ಮೇಲೆ ರೇಗ್ಬೇಡಿ. ಪೆಟ್ಟಿಗೆ ತೆಗೆದ್ರೆ ಕೆಟ್ಟ ವಾಸನೆ, ನಾಣ್ಯ ನೋಡಿದ್ರೆ ದೋಸೆ ಕಾವಲಿ! ಬೆಳಿಗ್ಗೆ ವಿಶಾಲಾಕ್ಷಮ್ಮ ಫೋನ್ ಮಾಡಿ, 'ಅಮ್ಮಾ, ನಿಮ್ಮ ನಾಣ್ಯಾನ ಹುಣಸೆಹಣ್ಣು ಹಾಕಿ ಫಳಫಳ ಮಾಡಿದೀನಿ' ಅಂತ ಹೇಳಿದ್ರು. ಎಲ್ಲಿ ಫಳಫಳ? ಅವರು ಹೇಳಿದ ಹಂಗೇ ನಾನೇ ತಿಕ್ಕಿದೆ."

ರಂಗನಾಥ ನಿಧಾನವಾಗಿ ಷಡಕ್ಷರಿಯ ಕಡೆ ತಿರುಗಿದರು. "ಬೆಳಿಗ್ಗೆ ಬೆಳ್ಳಗಿತ್ತಾ?"

ಷಡಕ್ಷರಿ ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಕುಮಾರ್ ಅವರ ಸಹಾಯಕ್ಕೆ ಬಂದ. "ಓ! ಅದಕ್ಕಾ ಮೊಟ್ಟೆ? ಊರಲ್ಲೆಲ್ಲಾ ರೈಟರ್ರು ಮೊಟ್ಟೆ ತಿಂತಾರೆ ಅಂತಿದಾರೆ. ಪಾಪ, ತಿಂದಿಲ್ಲ ಸಾರ್ ಅವ್ರು!"

ಹಾಲೆಂಡಿನವನಿಗೆ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಕಣ್ಣಲ್ಲಿ ನೀರು ಬರುವಂತೆ ನಕ್ಕು, ಇನ್ನೊಂದು ನಾಣ್ಯ ಕಳಿಸುತ್ತೇನೆಂದ. ರಂಗನಾಥ ನಗಲಿಲ್ಲ.

"ಷಡಕ್ಷರಿ, ಹೆಂಗಸರು ಉಜ್ಜಿದ್ದಕ್ಕೆ ನಂಗೆ ಬೇಜಾರಿಲ್ಲ, ನಮ್ಮನೇಲೂ ಅದೇ ಆಯ್ತಲ್ಲ. ಯಾರೂ ಮುಟ್ಟಿಲ್ಲ ಅಂದ್ರಲ್ಲ, ಅದಕ್ಕೆ. ಮೇನೇಜರ್ ವಿಷಯ ಮುಂದೆ ನೋಡೋಣ ಮಾರಾಯ್ರೆ."

ರಂಗನಾಥರಿಗೆ ಎರಡನೇ ನಾಣ್ಯ ಬಂತು. ಅದು ಚಿಕ್ಕಮಗಳೂರಿನ ಬ್ಯಾಂಕಿನ ಲಾಕರಿನಲ್ಲಿದೆ. ವಿಶಾಲಾಕ್ಷಮ್ಮನ ಕೈಗುಣ ಹೆಸರಾಗಿ, ಹಬ್ಬ ಬಂದರೆ ಬಂಗಲೆಯ ಬೆಳ್ಳಿಯೆಲ್ಲ ಅವರಲ್ಲಿಗೇ ಬರುತ್ತದೆ. ಯುಗಾದಿಗೆ ಮೇನೇಜರ್ ಆಗಿ ಮೂಡಿಗೆರೆಯಿಂದ ಬೇರೆಯವರು ಬಂದರು. ಷಡಕ್ಷರಿ ಈಗಲೂ ರೈಟರ್. ಅವರ ಮನೆಯಲ್ಲಿ ಮಲ್ಲಿಕಾರ್ಜುನಪ್ಪ ನೀರು ಕುಡಿಯುವುದಿಲ್ಲ.