ಜೋಡಿ ಸಿಗದ ಹೆಡ್‌ಫೋನು

ತಾವೊಮ್ಮೆ ಕೆಮ್ಮಿದರೆ ಸಾಕು, ಮಾರ್ಗಿಲಾನ್ ಊರಿನ ಕೆಟ್ಟ ರೇಡಿಯೋಗಳೆಲ್ಲ ಹೆದರಿ ತಾವಾಗಿಯೇ ಹಾಡಲು ಶುರುಮಾಡುತ್ತಿದ್ದವು ಎಂಬುದು, ಊರಿಗೆಲ್ಲ 'ಅಕಾ' ಅಂದರೆ ಅಣ್ಣನಾದ, ಸೋಬಿರ್‌ಜಾನ್ ಅಕಾ ಅವರ ಜಂಬ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ ಅದು. ಅವರು ಸರಿಮಾಡಿದ ರೇಡಿಯೋ ಎಷ್ಟು ಸ್ಪಷ್ಟವೆಂದರೆ, ಮಾಸ್ಕೋದಲ್ಲಿ ವಾರ್ತೆ ಓದುವವನಿಗೆ ನೆಗಡಿಯಾದರೆ ಮಾರ್ಗಿಲಾನಿನಲ್ಲಿ ಕೇಳುವವರು ಕರವಸ್ತ್ರ ಹುಡುಕುತ್ತಿದ್ದರಂತೆ. (ಹೇಳಿದವರು ಅವರೇ. ಬೇರೆ ಸಾಕ್ಷಿಯಿಲ್ಲ.)

ಇಂಥ ಮಹಾಪುರುಷರನ್ನು ಅಂಗೈಯಗಲದ ಒಂದು ಹೆಡ್‌ಫೋನು ಮಣ್ಣುಮುಕ್ಕಿಸಿತು.

ಬೀದಿಯ ತುದಿಯಲ್ಲಿ ರೊಟ್ಟಿ ಭಟ್ಟಿ ಇಟ್ಟುಕೊಂಡಿರುವ ಮಗ ಉಲ್ಮಸ್, ನವ್ರೂಜ್ ಹಬ್ಬಕ್ಕೆ ಅಮ್ಮನಿಗೊಂದು ವೈರಿಲ್ಲದ ಸ್ಪೀಕರು, ಅಪ್ಪನಿಗೊಂದು ವೈರಿಲ್ಲದ ಹೆಡ್‌ಫೋನು ಗೊತ್ತುಮಾಡಿ, ಅಂಗಡಿಯಿಂದ ತಂದುಕೊಳ್ಳಿ ಎಂದ. ಗಂಡ ಹೆಂಡತಿ ಇಬ್ಬರೂ ಹೋದರು. ಫೋನಿಗೆ ಜೋಡಿಸುವಾಗ ಪರದೆಯ ಮೇಲೆ ಗುರುತು ಸಿಗಲೆಂದು ಅಂಗಡಿಯವನು ಕೇಳಿದ: "ಸ್ಪೀಕರ್ ಯಾರ ಹೆಸರಿಗೆ ಬರೀಲಿ?"

"ಉಲ್ಮಸ್ ಹೆಸರಿಗೆ," ಎಂದರು ಸೋಬಿರ್‌ಜಾನ್.

"ಹೆಡ್‌ಫೋನು?"

"ಉಲ್ಮಸ್... ಅವನ ಅಪ್ಪಂದು," ಎಂದು ಹೆಂಡತಿ ಮುಹಯ್ಯೋ ಸೆರಗಿನಂತೆ ತಲೆವಸ್ತ್ರ ಎಳೆದುಕೊಂಡಳು.

ತಪ್ಪು ಅವರದಲ್ಲ. ಆ ಬೀದಿಯಲ್ಲಿ ಗಂಡನ ಹೆಸರನ್ನು ಹೆಂಡತಿ ಎತ್ತುವುದಿಲ್ಲ, ಹೆಂಡತಿಯ ಹೆಸರನ್ನು ಗಂಡ ಎತ್ತುವುದಿಲ್ಲ. ಹಿರೀಮಗನ ಒಂದೇ ಹೆಸರಿನಲ್ಲಿ ಮೂವರ ಸಂಸಾರ ನಡೆಯುತ್ತದೆ. "ಉಲ್ಮಸ್!" ಎಂದು ಅಕಾ ಕೂಗಿದರೆ ಮಗನೂ ಬರಬಹುದು, ಹೆಂಡತಿಯೂ ಬರಬಹುದು, ಕೂಗಿನಲ್ಲಿ ಕೆಲಸದ ವಾಸನೆಯಿದ್ದರೆ ಇಬ್ಬರೂ ಬರುವುದಿಲ್ಲ. ಅಂಗಡಿಯವನಿಗೆ ಅವಸರ. ಎರಡಕ್ಕೂ ಉಲ್ಮಸ್ ಎಂದೇ ಒತ್ತಿ ಕೈತೊಳೆದುಕೊಂಡ.

ಮನೆಗೆ ಬಂದು ಅಕಾ ಹೆಡ್‌ಫೋನನ್ನು ತಮ್ಮ ಫೋನಿಗೆ ಜೋಡಿಸಲು ಕುಳಿತರು. ಕೆಮ್ಮಿದರು. ತಟ್ಟಿದರು. ಊದಿದರು. ಹಳೆಯ ಅಭ್ಯಾಸಬಲದಿಂದ ಮಾಸ್ಕೋ ದಿಕ್ಕಿಗೆ ತಿರುಗಿಸಿ ಹಿಡಿದರು. ಅದರ ಮೇಲಿನ ನೀಲಿ ದೀಪ ಮಿಟುಕುತ್ತಲೇ ಇತ್ತು, ಒಳಗಿಂದ ಮಾತಾಡುವ ರಷ್ಯನ್ ಹೆಂಗಸು ಒಂದೇ ರಾಗ ಹಾಡಿದಳು: "ಜೋಡಿ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ."

"ಏನಂತಾಳೆ ಅವಳು?" ಎಂದಳು ರಷ್ಯನ್ ಬಾರದ ಮುಹಯ್ಯೋ.

"ಎಲ್ಲಾ ಸರಿಯಾಗಿದೆ ಅಂತಾಳೆ," ಎಂದು ಅಕಾ ಅದನ್ನು ಕಿವಿಗೇರಿಸಿ, ಇಲ್ಲದ ಹಾಡಿಗೆ ತಲೆದೂಗತೊಡಗಿದರು. ಮೂಕ ಹೆಡ್‌ಫೋನಿಗೆ ಅಷ್ಟು ಲಯಬದ್ಧವಾಗಿ ತಲೆದೂಗಿದವರು ಇನ್ನೊಬ್ಬರಿರಲಾರರು.

ಮೂರನೆಯ ನಿಮಿಷಕ್ಕೆ ಪವಾಡ ನಡೆಯಿತು. ಇವರಿಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಮುಹಯ್ಯೋ ಸೊಸೆ ನಫೋಸತ್‌ಗೆ ಹೇಳುತ್ತಿದ್ದಳು: "ನಮ್ಮ ಮುದುಕರು ಅಪರಂಜಿ ಕಣೇ. ನಾಳೆ ನೋಡ್ತಿರು, ಯಾರೂ ಹೇಳದೇನೇ ದ್ರಾಕ್ಷಿ ಚಪ್ಪರ ಕಟ್ತಾರೆ."

ಅಕಾ ಅವರ ತಲೆದೂಗುವಿಕೆ ತಾಳ ತಪ್ಪಿತು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಆ ಬಾಯಿಂದ ಅವರಿಗೆ ಸಿಕ್ಕಿದ್ದ ಅತ್ಯುನ್ನತ ಪ್ರಶಸ್ತಿ "ಪರವಾಗಿಲ್ಲ" ಎಂಬುದು. ಮರುದಿನ ಕೋಳಿ ಕೂಗುವ ಮುಂಚೆ ಚಪ್ಪರ ಕಟ್ಟಿದರು.

ಅಲ್ಲಿಂದ ಮುಂದೆ ಊಟ ಬಿಟ್ಟರೂ ಹೆಡ್‌ಫೋನು ಬಿಡಲಿಲ್ಲ. ಎದುರಿಗೆ ಬೈದರೆ ಬೈಯಲಿ, ಹೆಡ್‌ಫೋನು ಹಾಕಿದೊಡನೆ ಬೆಲ್ಲ ಸುರಿಯುತ್ತಿತ್ತು. "ಕೋಳಿಗೂಡು ತೊಳೆಯೋದ್ರಲ್ಲಿ ಅವರ ಕೈ ಮುಂದೆ ಯಾರಿದ್ದಾರೆ!" ತೊಳೆದರು. "ಗೋಡೆಗೆ ಸುಣ್ಣ ಹೊಡೆದ್ರೆ ಮದುಮಗನ ಹಾಗೆ ಕಾಣ್ತಾರೆ ಕಣೇ." ಹೊಡೆದರು. ಮೂರು ತಿಂಗಳಲ್ಲಿ ಮನೆ ಅರಮನೆಯಾಯಿತು, ಅಕಾ ಅವರ ಸೊಂಟದ ಪಟ್ಟಿ ನಾಲ್ಕು ತೂತು ಒಳಗೆ ಸರಿಯಿತು. ಈಗ ಅವರಿಗಿದ್ದ ಭಯ ಒಂದೇ: ಈ ಹೆಡ್‌ಫೋನು ಮೂಕವೆಂದು ಅವಳಿಗೆ ಗೊತ್ತಾದರೆ ಬೆಲ್ಲದ ಅಂಗಡಿ ಬಾಗಿಲು ಹಾಕುತ್ತದೆ.

ಅಷ್ಟರಲ್ಲಿ ಗಪ್ ಬಂತು. ಕನ್ನಡದಲ್ಲಿ ಗಪ್ ಎಂದರೆ ಬಾಯಿ ಮುಚ್ಚು; ಮಾರ್ಗಿಲಾನಿನಲ್ಲಿ ಗಪ್ ಎಂದರೆ ಬಾಯಿ ಬಿಡು. ಹನ್ನೆರಡು ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ತಿಂದು, ಆಡಿ, ಕುಣಿದು ಹೋಗುವ ದಿನ. ಈ ಸಲ ಮುಹಯ್ಯೋಳ ಸರದಿ. ಆದರೆ ಸ್ಪೀಕರು ಇಷ್ಟು ದಿನ ಹಾಡುತ್ತಿದ್ದದ್ದು ಸೊಸೆಯ ಫೋನಿನಿಂದ. ಸೊಸೆ, ಫೋನಿನ ಸಮೇತ, ತವರಿಗೆ ಹೋಗಿದ್ದಳು.

"ಉಲ್ಮಸನ ಅಪ್ಪಾ, ಸ್ಪೀಕರನ್ನ ನನ್ನ ಫೋನಿಗೆ ಜೋಡಿಸ್ಕೊಡಿ. ನಿಮ್ಮ ಕೈಲಾಗಲ್ಲ ಅಂದ್ರೆ ಹೇಳ್ಬಿಡಿ, ಅಂಗಡಿಯವನನ್ನೇ ಕರೆಸ್ತೀನಿ."

"ಅಂಗಡಿಯವನಾ! ನಾನಿನ್ನೂ ಉಸಿರಾಡ್ತಿದ್ದೀನಿ ಕಣೇ!"

ಗಪ್ ದಿನ ಬೀದಿಯ ಗಂಡಸರು ಮರ್ಯಾದೆಯಾಗಿ ಚಹಾದಂಗಡಿಗೆ ಗಡೀಪಾರಾಗುತ್ತಾರೆ. ಅಕಾ ಹೋಗಲಿಲ್ಲ. "ಯಂತ್ರ ಕೈಕೊಟ್ಟರೆ ಮೆಕ್ಯಾನಿಕ್ ಬೇಕಲ್ಲ," ಎಂದು ಚಪ್ಪರದ ಮೂಲೆಯಲ್ಲಿ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಕುಳಿತರು. ನಿಜಸಂಗತಿ ಬೇರೆ. ಹನ್ನೊಂದು ಸಾಕ್ಷಿಗಳ ಮುಂದೆ ಅವಳು ತಮ್ಮನ್ನು ಹೊಗಳುವುದನ್ನು ಕೇಳದೆ ಅವರು ಸಾಯಲಾರರು.

ಹೆಂಡತಿಯ ಫೋನು ತೆರೆದರು. ಮೇಲೊಂದು 'ಉಲ್ಮಸ್', ಅದರ ಕೆಳಗೆ ಇನ್ನೊಂದು 'ಉಲ್ಮಸ್'. "ಇದಕ್ಕೂ ಅರಳುಮರಳು, ಹೇಳಿದ್ದನ್ನೇ ಹೇಳುತ್ತೆ," ಎಂದುಕೊಂಡು ಗಾಂಭೀರ್ಯದಿಂದ ಮೇಲಿನದನ್ನು ಒತ್ತಿದರು. ಕೊರಳಲ್ಲಿದ್ದ ರಷ್ಯನ್ ಹೆಂಗಸು ಏನೋ ಅಂದಳು. ಹನ್ನೆರಡು ಹೆಂಗಸರ ನಡುವೆ ಹದಿಮೂರನೆಯವಳ ಮಾತು ಯಾರಿಗೆ ಕೇಳಬೇಕು?

"ಆಯ್ತು, ಇನ್ನು ಹಾಡು ಒತ್ತೋದೊಂದೇ ಬಾಕಿ," ಎಂದು ಫೋನು ಹಿಂತಿರುಗಿಸಿ, ಹೆಡ್‌ಫೋನನ್ನು ಕಿವಿಗೇರಿಸಿ, ಕಣ್ಣುಮುಚ್ಚಿ ಧ್ಯಾನಸ್ಥರಾದರು.

ಎದುರುಮನೆಯ ಹಮ್ರೋ ಓಪಾ, ಗುಂಪಿನಲ್ಲೇ ಹಿರಿಯ ಅಕ್ಕ, ದನಿ ತಗ್ಗಿಸಿದಳು. "ಅಲ್ವೇ ಮುಹಯ್ಯೋ, ನಿಮ್ಮೋರು ಇಲ್ಲೇ ಕೂತಿದ್ದಾರಲ್ಲೇ?"

"ಕೂತಿರ್ಲಿ ಬಿಡಿ ಓಪಾ. ಅದು ಕಿವಿಲಿದ್ರೆ ತೋಪು ಹಾರಿಸಿದ್ರೂ ಕೇಳಿಸಲ್ಲ."

"ಹಾಗಾದ್ರೆ ಎದೆ ಮುಟ್ಕೊಂಡು ಹೇಳು. ನಲವತ್ತೊಂದು ವರ್ಷ ಬಾಳಿದ್ದೀಯ. ಮನುಷ್ಯ ಹೇಗೆ?"

ಅಕಾ ಕಣ್ಣುಮುಚ್ಚಿಕೊಂಡೇ ಹೆಂಡತಿಯ ಕಡೆಗೆ ಒಂದಂಗುಲ ವಾಲಿದರು.

"ನಿಜ ಹೇಳ್ಬೇಕಂದ್ರೆ ಓಪಾ, ನಮ್ಮೋರು..." ಎನ್ನುತ್ತ ಮುಹಯ್ಯೋಳ ಬೆರಳು ಹಾಡಿನ ಗುಂಡಿಯ ಮೇಲೆ ಬಿತ್ತು.

ನೂರು ತಮಟೆ, ಐವತ್ತು ಕಹಳೆ ಒಟ್ಟಿಗೆ ಅಕಾ ಅವರ ತಲೆಬುರುಡೆಯೊಳಗೆ ಮದುವೆ ದಿಬ್ಬಣ ಹೊರಡಿಸಿದವು. ಕೂತವರು ಕೂತಂತೆಯೇ ಮೊಳದೆತ್ತರ ಚಿಮ್ಮಿ, ದ್ರಾಕ್ಷಿ ಗೊಂಚಲಿಗೆ ತಲೆ ಹೊಡೆಸಿಕೊಂಡು, ಹೆಡ್‌ಫೋನನ್ನು ಕಿತ್ತೆಸೆದು ಅರಚಿದರು: "ನಮ್ಮೋರು ಏನು? ಏನೇ ಅಂದೆ? ಪೂರ್ತಿ ಹೇಳೇ!"

ಸ್ಪೀಕರು ತೆಪ್ಪಗಿತ್ತು. ಹನ್ನೆರಡು ಚಹಾ ಬಟ್ಟಲು ಗಾಳಿಯಲ್ಲಿ ನಿಂತವು. ಆಮೇಲೆ ಎದ್ದ ನಗುವಿಗೆ ಪಕ್ಕದ ಬೀದಿಯ ಪಾರಿವಾಳಗಳು ಹಾರಿದವಂತೆ.

ಮುಹಯ್ಯೋ ನಿಧಾನವಾಗಿ ಬಂದು ಹೆಡ್‌ಫೋನನ್ನು ಎತ್ತಿಕೊಂಡಳು. ಬಿದ್ದ ಪೆಟ್ಟಿಗೆ ಅದು ಆರಿಹೋಗಿತ್ತು. "ದಿನಾ ಹಾಡೋ ಯಂತ್ರ ಇವತ್ತು ಹಾಡಿದ್ದಕ್ಕೆ ಯಾಕ್ರೀ ಹೀಗೆ ಹಾರಿದ್ರಿ?"

ಅಕಾ ಕೆಮ್ಮಿದರು. ಯಾವ ಯಂತ್ರವೂ ನೆರವಿಗೆ ಬರಲಿಲ್ಲ. "ಅದು... ಮೂರು ತಿಂಗಳಿಂದ ಒಂದಕ್ಷರ ಹಾಡಿಲ್ಲ ಕಣೇ."

"ಗೊತ್ತು. ದೀಪ ಮಿಟುಕ್ತಾ ಇದ್ರೆ ಜೋಡಿ ಸಿಕ್ಕಿಲ್ಲ ಅಂತ ಅರ್ಥವಂತೆ. ಸೊಸೆ ಮೊದಲನೇ ದಿನವೇ ಹೇಳಿದ್ಲು."

"ಮೊದಲನೇ ದಿನವೇ? ಹಾಗಾದ್ರೆ ಚಪ್ಪರ?"

"ಕಟ್ಟಿಸ್ಕೊಂಡೆ."

"ಕೋಳಿಗೂಡು?"

"ತೊಳೆಸ್ಕೊಂಡೆ."

"ಸುಣ್ಣ?"

"ಎರಡು ಸಲ."

ಅಕಾ ಅವರ ಮುಖ ಹಿಂಡಿದ ನಿಂಬೆಹಣ್ಣಾಯಿತು. "ಅಂದ್ರೆ... ಹೊಗಳಿದ್ದೆಲ್ಲ ಸುಳ್ಳು?"

ಮುಹಯ್ಯೋ ಅವರ ಟೋಪಿಗೆ ಸಿಕ್ಕಿಕೊಂಡಿದ್ದ ದ್ರಾಕ್ಷಿ ಎಲೆ ತೆಗೆದಳು. "ನಲವತ್ತೊಂದು ವರ್ಷ ಬೈದು ಹೇಳಿದೆ, ಒಂದು ಕೆಲಸ ಮಾಡಲಿಲ್ಲ. ಮೂರು ತಿಂಗಳು ಹೊಗಳಿದೆ, ಒಂದೂ ಬಿಡಲಿಲ್ಲ. ಹೇಳಿದ್ದನ್ನೆಲ್ಲ ನೀವೇ ನಿಜ ಮಾಡಿದ್ಮೇಲೆ ಅದು ಸುಳ್ಳು ಹೇಗ್ರೀ ಆಗುತ್ತೆ?"

"ಮತ್ತೆ ಆ ಅರ್ಧಕ್ಕೆ ನಿಂತ ಮಾತು?"

"ಕಿವಿಗೆ ಹಾಕ್ಕೊಳ್ಳಿ, ಹೇಳ್ತೀನಿ." ಅವಳೇ ಹೆಡ್‌ಫೋನನ್ನು ಅವರ ಕಿವಿಗೇರಿಸಿ, ಹೆಂಗಸರ ಕಡೆ ತಿರುಗಿದಳು. "ನಮ್ಮೋರು ಎಂಥೋರು ಅಂದ್ರೆ ಹಮ್ರೋ ಓಪಾ, ಯಾರೂ ಹೇಳದೇನೇ ಹನ್ನೆರಡು ಬಟ್ಟಲೂ ತಾವೇ ತೊಳೀತಾರೆ."

ಹಮ್ರೋ ಓಪಾ ತಟ್ಟೆಯೊಂದನ್ನು ಮಗುಚಿ ಬಡಿಯತೊಡಗಿದಳು. ಸ್ಪೀಕರಿನ ಹಂಗಿಲ್ಲದೆ ಕುಣಿತ ಶುರುವಾಯಿತು. ಅಕಾ ಅಂಗಿತೋಳು ಮಡಚಿ ಬಟ್ಟಲು ತೊಳೆಯತೊಡಗಿದರು. ಆದರೂ ಜಂಬ ಎಲ್ಲಿಗೆ ಹೋಗುತ್ತದೆ? "ಏನೇ ಆಗ್ಲಿ, ಅಂಗಡಿಯವನ ಸಹಾಯ ಇಲ್ಲದೆ ಜೋಡಿಸಿದ್ದು ನಾನೇ ತಾನೆ!" ಎಂದು ಗೊಣಗುತ್ತ ಕಿವಿಯ ಬಳಿಯ ಗುಂಡಿಯನ್ನು ಒತ್ತಿದರು.

ನೀಲಿ ದೀಪ ಮಿಟುಕದೆ ನಿಂತಿತು. ರಷ್ಯನ್ ಹೆಂಗಸು ಕಿವಿಯಲ್ಲಿ ಹೇಳಿದಳು:

"ಜೋಡಿ ಸಿಕ್ಕಿದೆ. ಬ್ಯಾಟರಿ ಸಾಲದು."